ಶೃಂಗಸಭೆಯ ಊರಿನಲ್ಲಿ ಅತ್ತೆಯ ಅಂಗೈ

ಈ ಪ್ರವಾಸದ ಕಥೆಯನ್ನು ನಮ್ಮ ಮನೆಯಲ್ಲಿ ಇಬ್ಬರು ಹೇಳುತ್ತೇವೆ. ಅತ್ತೆ ಹೇಳುವುದು ಒಂದು, ನಾನು ಹೇಳುವುದು ಇನ್ನೊಂದು. ಕೇಳುವುದಕ್ಕೆ ಅತ್ತೆಯದೇ ಚೆನ್ನ. ಶ್ರೀರಾಂಪುರದ ನಮ್ಮ ಬೀದಿಯಲ್ಲಿ ಓಡಾಡುತ್ತಿರುವುದೂ ಅದೇ. ನಾನು ಇತಿಹಾಸ ಓದಿದವಳು. ಒಬ್ಬರೇ ಸಾಕ್ಷಿ ಹೇಳಿದ್ದನ್ನು ಪೂರ್ತಿ ನಂಬಬಾರದು ಎಂದು ವಿಶ್ವವಿದ್ಯಾನಿಲಯದಲ್ಲಿ ಕಲಿತೆ. ಆ ಒಬ್ಬ ಸಾಕ್ಷಿ ನಾನೇ ಆದಾಗಲೂ ಆ ಪಾಠ ನನ್ನನ್ನು ಬಿಡುವುದಿಲ್ಲ. ಆದ್ದರಿಂದ ಖಚಿತವಿಲ್ಲದ ಕಡೆ ಖಚಿತವಿಲ್ಲ ಎಂದೇ ಬರೆಯುತ್ತೇನೆ.

ಊರಿನ ಹೆಸರನ್ನು ಬರೆಯುವುದಿಲ್ಲ. ಕ್ಲೇರ್ ಇನ್ನೂ ಅಲ್ಲೇ ಬಾಳಬೇಕು. ಆಲ್ಪ್ಸ್ ಬೆಟ್ಟಗಳ ಬುಡದಲ್ಲಿ, ಒಂದು ಸರೋವರದ ದಂಡೆಗೆ ಅಂಟಿಕೊಂಡಿರುವ, ಫ್ರೆಂಚ್ ಮಾತನಾಡುವ ಊರು ಎಂದರೆ ಸಾಕು.

ಕ್ಲೇರ್ ಯೋಗ ಕಲಿಯಲು ಮೈಸೂರಿಗೆ ಬಂದು ನಮ್ಮ ಮಹಡಿಯ ಮೇಲಿನ ಮನೆಯಲ್ಲಿ ಬಾಡಿಗೆಗೆ ಇದ್ದವಳು. ಬೆಳಗಿನ ಜಾವ ಸ್ಕೂಟರ್ ಹತ್ತಿ ಊರಿನ ಆ ತುದಿಗೆ ಹೋಗಿ ಬೆನ್ನು ಬಗ್ಗಿಸಿ ಬರುತ್ತಿದ್ದಳು. ಬಂದವಳು ನೇರ ಅತ್ತೆಯ ಅಡುಗೆಮನೆಗೆ. ಅಲ್ಲಿ ಅವರ ಪಕ್ಕ ಕೂತು ಅವರೆಕಾಯಿ ಸುಲಿಯುತ್ತ ಅವಳು ಕಲಿತ ಕನ್ನಡ ಯಾವ ತರಗತಿಯಲ್ಲೂ ಸಿಗುವಂಥದಲ್ಲ. ಅತ್ತೆಯನ್ನು ಅಮ್ಮ ಎನ್ನುತ್ತಾಳೆ. ಪ್ರತಿ ಸಲ ಫೋನ್ ಮಾಡಿದಾಗಲೂ "ಯಾವಾಗ ಬತ್ತೀರಿ ಅಮ್ಮ?" ಎಂದು ಜೀವ ತಿನ್ನುತ್ತಿದ್ದಳು. ಕೊನೆಗೆ ನನ್ನ ಗಂಡ ಮಹೇಶ್‌ಗೆ ರಜೆ ಸಿಗದೆ ನಾವಿಬ್ಬರೇ ಅತ್ತೆ ಸೊಸೆ ಹೊರಟೆವು.

ಟಿಕೆಟ್ ಮಾಡಿಸಿದ ಮೇಲೆ ಅವಳ ಫೋನ್ ಬಂತು. "ಪ್ರಭಾ, ಒಂದು ತಾಪತ್ರಯ ಆಗೋಯ್ತು. ನೀವು ಬರೋ ವಾರಾನೇ ನಮ್ಮೂರಿಗೆ ದೊಡ್ಡೋರೆಲ್ಲ ಬತ್ತಾವ್ರೆ."

ಏಳು ಶ್ರೀಮಂತ ಕೈಗಾರಿಕಾ ದೇಶಗಳ ನಾಯಕರ ಶೃಂಗಸಭೆ ಅವಳ ಪುಟ್ಟ ಊರಿನಲ್ಲೇ ನಿಗದಿಯಾಗಿತ್ತು. ಅವಳ ಮನೆ ಸಭೆಯ ಭದ್ರತಾ ವಲಯದ ಒಳಗೇ ಬರುತ್ತಿತ್ತು.

"ಒಳ್ಳೇದೇ ಬುಡು, ರಸ್ತೆಗೆಲ್ಲ ಹೊಸ ಟಾರ್ ಹಾಕಿರ್ತಾರೆ" ಎಂದರು ಮಹೇಶ್.

ಅತ್ತೆಗಂತೂ ಯಾವ ಆತಂಕವೂ ಇರಲಿಲ್ಲ. "ದಸರಾ ಇದ್ದಂಗೆ ಅನ್ನು. ಬೆಳಿಗ್ಗೆನೇ ಹೋಗಿ ಜಾಗ ಹಿಡ್ಕಂಡು ಕೂತ್ರೆ ಎಲ್ಲಾರ್ನೂ ನೋಡ್ಬೋದು."

ವಿಮಾನ ನಿಲ್ದಾಣ

ಅತ್ತೆ ಲಿಂಗಧಾರಿ. ಮಗುವಾಗಿದ್ದಾಗ ಮಠದ ಸ್ವಾಮಿಗಳು ಕಟ್ಟಿದ ಇಷ್ಟಲಿಂಗ ಇವತ್ತಿಗೂ ಅವರ ಎದೆಯ ಮೇಲಿದೆ. ದಿನಾ ಸ್ನಾನ ಮಾಡಿ, ಅದನ್ನು ಎಡ ಅಂಗೈ ಮೇಲೆ ಕೂರಿಸಿಕೊಂಡು ಪೂಜೆ ಮಾಡಿದ ಮೇಲೇ ಬಾಯಿಗೆ ನೀರು. ಬದುಕಿರುವಷ್ಟು ದಿನ ಅದು ಮೈಯಿಂದ ಅಗಲಬಾರದು. ಹೋಗುವಾಗ ಜೊತೆಯಲ್ಲೇ ಮಣ್ಣಿಗೆ ಹೋಗಬೇಕು. ನನ್ನದು ದೇವರ ಮನೆಯ ಪೆಟ್ಟಿಗೆಯಲ್ಲಿದೆ. ಆದರೂ ಪೂಜೆಯ ಹೊತ್ತಿಗೆ ಬಿಲ್ವಪತ್ರೆ ತಂದು, ಬೆರಳು ತಾಕದ ಹಾಗೆ ಮೇಲಿನಿಂದ ಅತ್ತೆಯ ಅಂಗೈಯಲ್ಲಿರುವ ಲಿಂಗಕ್ಕೆ ಏರಿಸುವುದು ಮದುವೆಯಾದಂದಿನಿಂದ ನನ್ನ ಕೆಲಸ. ಆಗ ಆ ಅಂಗೈ ಹೂವಿನ ಹಾಗೆ ಬಿರಿದುಕೊಂಡಿರುತ್ತದೆ. ಅತ್ತೆಯ ಕಣ್ಣು ಮುಚ್ಚಿರುತ್ತದೆ.

ವಿಮಾನಕ್ಕೆ ಹೊರಡುವಾಗ, ಲೋಹ ಕಂಡರೆ ತಪಾಸಣೆಯ ಯಂತ್ರ ಕೂಗುತ್ತದೆಂದು ನಾವು ಜಾಣತನ ಮಾಡಿದ್ದೆವು. ಲಿಂಗವಿಡುವ ಮೊಟ್ಟೆಯಾಕಾರದ ಬೆಳ್ಳಿಯ ಕರಡಿಗೆಯನ್ನು ಬ್ಯಾಗಿಗೆ ಹಾಕಿ, ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡಿದ್ದರು. ಬೆಂಗಳೂರಿನಲ್ಲಿ ತಪಾಸಣೆಯ ಹೆಣ್ಣುಮಗಳು ಬಟ್ಟೆಯ ಗಂಟನ್ನು ಹೊರಗಿನಿಂದಲೇ ಮುಟ್ಟಿ "ಲಿಂಗ ಅಲ್ವಾ ಅಜ್ಜಿ, ಹೋಗಿ" ಎಂದಿದ್ದಳು. ಅಲ್ಲಿ ಇಳಿದಾಗಲೂ ಯಾರೂ ತಡೆಯಲಿಲ್ಲ. ಅಷ್ಟು ಸಲೀಸಾಗಿ ದಾಟಿದ್ದೇ ನಮ್ಮನ್ನು ಕೆಡಿಸಿತು ಎಂದು ಈಗ ಅನ್ನಿಸುತ್ತದೆ.

ಕಸದ ತೊಟ್ಟಿ ಇಲ್ಲದ ಊರು

ಕ್ಲೇರ್ ಕಾರಿನಲ್ಲಿ ಕರೆದುಕೊಂಡು ಹೋಗುವಾಗ ಅತ್ತೆ ಬಾಳೆಹಣ್ಣು ತಿಂದು ಸಿಪ್ಪೆಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. ಊರಲ್ಲಿ ಇಳಿದ ಮೇಲೆ ಹಾಕಲು ಜಾಗ ಹುಡುಕಿದರೆ ಒಂದೂ ಕಸದ ತೊಟ್ಟಿ ಇಲ್ಲ. ಯಾರಾದರೂ ಬಾಂಬು ಇಟ್ಟಾರೆಂದು ಎಲ್ಲವನ್ನೂ ಕಿತ್ತುಕೊಂಡು ಹೋಗಿದ್ದರು. ಅಂಚೆ ಪೆಟ್ಟಿಗೆಯೂ ಇರಲಿಲ್ಲ. ರಸ್ತೆಯ ಮ್ಯಾನ್‌ಹೋಲ್ ಮುಚ್ಚಳಗಳಿಗೆಲ್ಲ ಮೊಹರು. ಅಂಗಡಿಗಳ ಗಾಜಿಗೆ ಪ್ಲೈವುಡ್ ಹಲಗೆ ಬಡಿದಿದ್ದರು. ಪ್ರತಿಭಟನೆಯವರು ಕಲ್ಲು ಹೊಡೆದಾರೆಂಬ ಭಯ. ಹಲಗೆಗಳ ಮುಂದೆ ಆಗಷ್ಟೇ ನೆಟ್ಟ ಹೂಗಿಡಗಳು ಸಾಲಾಗಿ ನಿಂತಿದ್ದವು.

ಹೂಗಿಡ ಕಂಡು ನನಗೆ ನಮ್ಮೂರು ನೆನಪಾಯಿತು. ದೊಡ್ಡವರು ಬರುತ್ತಾರೆಂದರೆ ನಾವೂ ಡಿವೈಡರಿಗೆ ಬಣ್ಣ ಹೊಡೆಯುತ್ತೇವೆ, ಕಣ್ಣಿಗೆ ಬೀಳಬಾರದ್ದಕ್ಕೆ ಹಸಿರು ಬಟ್ಟೆ ಕಟ್ಟುತ್ತೇವೆ. ಆದರೆ ನಾವು ಜನರನ್ನು ಕೂಡಿಸುತ್ತೇವೆ. ಲಾರಿಯಲ್ಲಾದರೂ ತುಂಬಿಕೊಂಡು ಬರುತ್ತೇವೆ. ಇಲ್ಲಿ ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ.

"ಜನ ಎಲ್ಲೋದ್ರೇ?" ಎಂದರು ಅತ್ತೆ.

"ಊರು ಬುಟ್ಟು ಹೋದ್ರು ಅಮ್ಮ. ಸಭೆ ಮುಗಿದ್ಮೇಲೆ ಬತ್ತಾರೆ."

"ಹಂಗಾರೆ ಮೆರವಣಿಗೆ ನೋಡೋರು ಯಾರು?"

"ಯಾರೂ ನೋಡಬಾರದು ಅಂತಾನೇ ಅಮ್ಮ ಇದೆಲ್ಲ."

ಅತ್ತೆ ಇದನ್ನು ನಂಬಲಿಲ್ಲ. ಕ್ಲೇರ್‌ಳ ಕನ್ನಡದಲ್ಲೇ ಏನೋ ದೋಷವಿರಬೇಕು ಎಂಬಂತೆ ನನ್ನ ಮುಖ ನೋಡಿದರು.

ಅವಳ ಮನೆಯ ಹಿಂದಿನ ಗುಡ್ಡದ ಮೇಲೆ ಹಸುಗಳು ಮೇಯುತ್ತಿದ್ದವು. ಅಲ್ಲಿನ ಹಸುಗಳ ಕೊರಳಿಗೆ ಚರಿಗೆಯಷ್ಟು ದೊಡ್ಡ ಗಂಟೆ ಕಟ್ಟುತ್ತಾರಂತೆ. ಅದರ ಸದ್ದು ಕೇಳುತ್ತ ಮಲಗುವುದು ಎಷ್ಟು ಹಿತ ಎಂದು ಕ್ಲೇರ್ ಮೈಸೂರಿನಲ್ಲಿ ಎಷ್ಟೋ ಸಲ ಹೇಳಿದ್ದಳು. ಈಗ ಗುಡ್ಡ ನಿಶ್ಶಬ್ದವಾಗಿತ್ತು. ಅತಿಥಿಗಳ ನಿದ್ದೆಗೆ ತೊಂದರೆಯಾದೀತೆಂದು ಗಂಟೆಗಳನ್ನು ಬಿಚ್ಚಿಸಿದ್ದರು. ಕೊರಳು ಬರಿದಾದ ಹಸುಗಳು ತಲೆ ಆಡಿಸಿ ಆಡಿಸಿ ನಿಲ್ಲುತ್ತಿದ್ದವು. ಸದ್ದು ಯಾಕೆ ಬರುತ್ತಿಲ್ಲ ಎಂದು ನೋಡುತ್ತಿದ್ದವೋ, ನೊಣ ಓಡಿಸುತ್ತಿದ್ದವೋ, ನಾನು ಹೇಳಲಾರೆ.

ನಮಗೂ ಕೊರಳಿಗೊಂದೊಂದು ಗುರುತಿನ ಬಿಲ್ಲೆ ಬಂತು. ಒಳಗಿರುವವರೆಲ್ಲ ಅದನ್ನು ಹಾಕಿಕೊಂಡೇ ಓಡಾಡಬೇಕು.

"ಹಸುಗಳ್ದು ಬಿಚ್ಚಿ ನಮಗೆ ಕಟ್ಟವ್ರೆ ನೋಡು" ಎಂದು ಅತ್ತೆ ನಕ್ಕರು.

ಗೇಟು

ಸೋಮವಾರ ಸಭೆ ಶುರುವಾಗುವ ದಿನ. ಶಿವನ ದಿನವೂ ಹೌದು. ಬೆಳಿಗ್ಗೆ ಪೂಜೆ ಮುಗಿಸಿದ ಅತ್ತೆ ಲಿಂಗವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಲಿಲ್ಲ. "ಬಂದೂ ಆಯ್ತು, ಮನೆ ಸೇರಿದ್ದೂ ಆಯ್ತು. ಲಿಂಗಸ್ವಾಮಿಗಳ್ನ ಎಷ್ಟು ದಿನ ಅಂತ ಚಿಂದೀಲಿ ಕಟ್ಟದು?" ಎಂದು ಬೆಳ್ಳಿಯ ಕರಡಿಗೆಗೆ ಹಾಕಿ, ದಾರ ಬಿಗಿದು ಕೊರಳಿಗೆ ಹಾಕಿಕೊಂಡರು. ನಾನು ನೋಡುತ್ತಲೇ ಇದ್ದೆ. ಏನೂ ಹೊಳೆಯಲಿಲ್ಲ.

ಕ್ಲೇರ್ ಕೆಲಸಕ್ಕೆ ಹೋದ ಮೇಲೆ ನಾವಿಬ್ಬರೂ ಮರುದಿನದ ಪೂಜೆಗೆ ಹೂ ಹುಡುಕಿಕೊಂಡು ಹೊರಟೆವು. ನೆಟ್ಟ ಗಿಡಗಳಿಂದ ಕೀಳುತ್ತೇನೆಂದು ಅತ್ತೆ ಹಟ ಹಿಡಿದಿದ್ದರು; ಅದನ್ನು ತಪ್ಪಿಸಲೆಂದೇ ನಾನು ಅಂಗಡಿಗೆ ಹೊರಡಿಸಿದ್ದು. ವಲಯದ ಅಂಚಿನಲ್ಲಿ ತಂತಿ ಬೇಲಿಯೂ ಲೋಹ ಪತ್ತೆ ಮಾಡುವ ಚೌಕಟ್ಟೂ ಇದ್ದವು. ಹೋಗುವಾಗ ಯಾರೂ ಏನೂ ಕೇಳಲಿಲ್ಲ. ಹೂ ಹಿಡಿದು ವಾಪಸು ಬರುವಷ್ಟರಲ್ಲಿ ಅಲ್ಲಿ ಸಾಲು ಇತ್ತು, ಬಂದೂಕು ಹಿಡಿದವರಿದ್ದರು, ನಾಯಿ ಇತ್ತು. ಅತ್ತೆ ಚೌಕಟ್ಟಿನಡಿ ಕಾಲಿಟ್ಟ ತಕ್ಷಣ ಅದು ಕೂಗಿಕೊಂಡಿತು.

ಚಿನ್ನದ ಬಣ್ಣದ ಕೂದಲನ್ನು ಜಡೆ ಹೆಣೆದಿದ್ದ ಒಬ್ಬ ಹೆಣ್ಣು ಅಧಿಕಾರಿ ಮುಂದೆ ಬಂದಳು. ಗಟ್ಟಿಯಾಗಿ ಮಾತನಾಡಲಿಲ್ಲ, ಒರಟಾಗಿರಲೂ ಇಲ್ಲ. ಅತ್ತೆಯ ಎದೆಯ ಕಡೆ ತೋರಿಸಿ, ಬಿಚ್ಚಿ ತಟ್ಟೆಯಲ್ಲಿಡಿ ಎಂದು ಇಂಗ್ಲಿಷಿನಲ್ಲಿ ನನಗೆ ಹೇಳಿದಳು.

"ಅದನ್ನು ಬಿಚ್ಚುವ ಹಾಗಿಲ್ಲ" ಎಂದೆ.

"ಒಳಗೆ ಏನಿದೆ?"

ಇಲ್ಲಿ ನಾನು ಏನು ಉತ್ತರ ಕೊಟ್ಟೆ ಎಂಬುದರಲ್ಲಿ ತಕರಾರಿದೆ. ಪವಿತ್ರವಾದ ಒಂದು ಸಂಕೇತ ಎಂದೆನೆಂದು ನನ್ನ ನೆನಪು. ಅತ್ತೆಗೆ ಇಂಗ್ಲಿಷು ಅಷ್ಟಕ್ಕಷ್ಟೇ, ಆದರೆ ಅವರ ಪ್ರಕಾರ ನಾನು "ಬರೀ ಒಂದು ಕಲ್ಲು" ಎಂದೆ. ಎರಡನ್ನೂ ಹೇಳಿರಬಹುದು. ಮೊದಲಿನದು ಅವಳಿಗೆ ಅರ್ಥವಾಗದೆ ಹುಬ್ಬು ಗಂಟಿಕ್ಕಿದಾಗ ಎರಡನೆಯದನ್ನು ಹೇಳಿರಬಹುದು. ಅವಳು ಮುಂದೆ ಕೇಳಿದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ: "ನಿಮ್ಮ ಹತ್ತಿರವೂ ಇದೆಯೇ?" ನಾನು ಇಲ್ಲ ಎಂದೆ. ಹಾಗಾದರೆ ಇವರ ಹತ್ತಿರ ಯಾಕಿದೆ ಎಂಬ ಪ್ರಶ್ನೆ ಅವಳ ಕಣ್ಣಿಗೆ ಬಂತು. ಅವಳು ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ ತಿಳಿಯದು.

ಹಿಂದಿನ ಸಾಲಿನಲ್ಲಿ ಊರು ಬಿಡದೆ ಉಳಿದ ಕೆಲವರು ಬಿಲ್ಲೆ ಹಾಕಿಕೊಂಡು ನಿಂತಿದ್ದರು. ಒಬ್ಬರೂ ಏನಾಯಿತು ಎಂದು ಕೇಳಲಿಲ್ಲ. ನನಗೆ ಇದೇ ಮೊದಲ ಆಘಾತ. ನಮ್ಮಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಹತ್ತು ಜನ ಸುತ್ತುವರಿದು, ಅರ್ಧ ಜನ ಪೊಲೀಸರ ಪರ, ಅರ್ಧ ಜನ ಅಜ್ಜಿಯ ಪರ ವಾದ ಹೂಡಿ, ಯಾರೋ ಒಬ್ಬರು ಕುರ್ಚಿ ತಂದಿರುತ್ತಿದ್ದರು. ಇಲ್ಲಿ ಎಲ್ಲರೂ ಸರೋವರದ ಕಡೆ ನೋಡುತ್ತಿದ್ದರು.

ನಾಯಿಯನ್ನು ಹತ್ತಿರ ತಂದರು. ಅತ್ತೆ ಎದೆಯ ಮೇಲೆ ಎರಡೂ ಕೈ ಅಡ್ಡ ಇಟ್ಟುಕೊಂಡರು. ಹಾಗೆ ಮಾಡಿದ್ದು ಬಂದೂಕಿನವರಿಗೆ ಸರಿಬರಲಿಲ್ಲ. ಅವರಲ್ಲಿ ಇಬ್ಬರು ಜಾಗ ಬದಲಿಸಿ ನಮ್ಮ ಅಕ್ಕಪಕ್ಕ ಬಂದರು. ನಾನು ಅತ್ತೆಯ ಕಿವಿಯ ಹತ್ತಿರ ಬಗ್ಗಿದೆ.

"ಅತ್ತೆ, ತೆಗೆದು ತೋರಿಸಿಬಿಡಿ. ನೋಡಿ ಬಿಟ್ಟುಬಿಡ್ತಾರೆ. ಯಾರೂ ಮುಟ್ಟಲ್ಲ."

ಇದನ್ನು ನಾನು ಹೇಳಿದ್ದು ನಿಜ. ಇದರಲ್ಲಿ ತಕರಾರಿಲ್ಲ.

ಅತ್ತೆ ಕರಡಿಗೆಯನ್ನು ಹಣೆಗೆ ಒತ್ತಿಕೊಂಡರು. ಮುಚ್ಚಳ ತಿರುಗಿಸಿದರು. ಎಣ್ಣೆಗಪ್ಪಿನ, ಮಿರಿಮಿರಿ ಮಿಂಚುವ ಲಿಂಗವನ್ನು ಬಲಗೈಯಿಂದ ತೆಗೆದು ಎಡ ಅಂಗೈ ಮೇಲೆ ಕೂರಿಸಿ, ದಿನಾ ಪೂಜೆಯಲ್ಲಿ ಹಿಡಿಯುವ ಹಾಗೆಯೇ ಅಂಗೈ ಬಿಚ್ಚಿ, ಕಣ್ಣಿನ ಮಟ್ಟಕ್ಕೆ ಎತ್ತಿ ಆ ಹುಡುಗಿಯ ಮುಂದೆ ಹಿಡಿದರು. ನೋಡವ್ವ, ನೋಡ್ಕೋ, ಎನ್ನುವ ಹಾಗೆ.

ಆ ಹುಡುಗಿ ನೀಲಿ ಗವಸಿನ ಕೈ ಚಾಚಿ ಅದನ್ನು ತೆಗೆದುಕೊಂಡಳು.

ಕಿತ್ತುಕೊಳ್ಳಲಿಲ್ಲ. ಅಂಗಡಿಯಲ್ಲಿ ಯಾರಾದರೂ ಕೊಟ್ಟಾಗ ತೆಗೆದುಕೊಳ್ಳುತ್ತೇವಲ್ಲ, ಹಾಗೆ ತೆಗೆದುಕೊಂಡಳು. ಥ್ಯಾಂಕ್ಸ್ ಎಂದೂ ಹೇಳಿದಳು. ಒಂದು ಪಾರದರ್ಶಕ ಚೀಲದೊಳಗೆ ಅದು ಹೋಯಿತು. ಹಿಂದೆಯೇ ಕರಡಿಗೆಯೂ ಹೋಯಿತು. ಅಂಗೈ ಮೇಲೆ ಇಟ್ಟು ಮುಂದೆ ಚಾಚಿದರೆ ಅವರ ಲೋಕದಲ್ಲಿ ಅದಕ್ಕೆ ಒಂದೇ ಅರ್ಥ, ತಗೊಳ್ಳಿ ಎಂದು. ಎಂಬತ್ತರ ಹತ್ತಿರದ ಹೆಂಗಸು ಅಂಗೈಯನ್ನೇ ಪೀಠ ಮಾಡಿ ತೋರಿಸುತ್ತಿದ್ದಾಳೆ ಎಂದು ಆ ಹುಡುಗಿಗೆ ಹೇಗೆ ತಿಳಿಯಬೇಕು? ಇದೆಲ್ಲ ನಾನು ಆಮೇಲೆ ಯೋಚಿಸಿದ್ದು. ಆ ಹೊತ್ತಿಗೆ ನನಗೆ ಕಂಡದ್ದು ಖಾಲಿ ಅಂಗೈ. ಅತ್ತೆ ಅದನ್ನು ಇಳಿಸಿರಲಿಲ್ಲ. ಹಾಗೇ ಎತ್ತಿ ಹಿಡಿದು ನಿಂತಿದ್ದರು.

"ಪ್ರಭಾ" ಎಂದರು, ಯಾರದೋ ಮನೆಯ ಸುದ್ದಿ ಹೇಳುವ ದನಿಯಲ್ಲಿ. "ತಗಂಡ್ಬುಟ್ಲಲ್ಲೇ."

ನಾನು ಬೇಡಿದೆ, ಕೂಗಿದೆ, ಬಹುಶಃ ಅತ್ತೆ ಕೂಡ. ಮೊದಲು ಯಾರ ದನಿ ಏರಿತೋ ನೆನಪಿಲ್ಲ. ಆ ಹುಡುಗಿಯ ಮುಖ ಕೆಂಪಾಗಿತ್ತು, ಆದರೆ ಅಷ್ಟರಲ್ಲಿ ಚೀಲ ಅವಳ ಕೈ ದಾಟಿ ಇನ್ನೊಬ್ಬನ ಕೈಗೆ ಹೋಗಿತ್ತು. ಅವನ ಯಂತ್ರದ ಪರದೆಯ ಮೇಲೆ ಅದು ಗಟ್ಟಿಯಾದ, ಒಳಗೆ ಇನ್ನೊಂದು ಏನೋ ಇರುವ ಕಪ್ಪು ಉಂಡೆಯಾಗಿ ಕಂಡಿತು. ಲಿಂಗದ ಮೇಲೆ ಅರಗಿನಂಥ ಕಪ್ಪು ಲೇಪ ಇರುತ್ತದೆ, ಒಳಗೆ ಕಲ್ಲು ಇರುತ್ತದೆ. ಇದನ್ನು ಹೇಳಿದಷ್ಟೂ ಅವರ ಅನುಮಾನ ಹೆಚ್ಚಿತು. ಪರೀಕ್ಷೆಗೆ ಹೋಗಬೇಕು, ಆಮೇಲೆ ಕೊಡುತ್ತೇವೆ ಎಂದರು. ಯಾವಾಗ? ಅವನು ಭುಜ ಕುಣಿಸಿದ. ಸಭೆ ಮುಗಿದ ಮೇಲೆ ಆಗಬಹುದು.

ಕ್ಲೇರ್‌ಳ ಅಡುಗೆಮನೆ

ಮಧ್ಯಾಹ್ನ ಅತ್ತೆ ಉಣ್ಣಲಿಲ್ಲ. ಲಿಂಗ ಮೈಮೇಲಿಲ್ಲವೆಂದು ನೀರೂ ಮುಟ್ಟಲಿಲ್ಲ. ಹಟವಾಗಲಿ ಅಳುವಾಗಲಿ ಇರಲಿಲ್ಲ. ಕ್ಲೇರ್‌ಳ ಅಡುಗೆಮನೆಯ ಕಿಟಕಿಯ ಪಕ್ಕ ನೆಲದ ಮೇಲೆ ಕೂತು, ಮಡಿಲಲ್ಲಿ ಎಡಗೈಯನ್ನು ಅಂಗಾತ ಇಟ್ಟುಕೊಂಡಿದ್ದರು.

ವಿಷಯ ತಿಳಿದು ಕ್ಲೇರ್ ಕೆಲಸ ಬಿಟ್ಟು ಓಡಿ ಬಂದಳು. ಫೋನಿನಲ್ಲಿ ಒಬ್ಬರಾದ ಮೇಲೆ ಒಬ್ಬರನ್ನು ಹಿಡಿದು ಜಗಳವಾಡಿದಳು. ಪ್ರತಿಯೊಬ್ಬರೂ ಅವಳನ್ನು ಇನ್ನೊಬ್ಬರಿಗೆ ದಾಟಿಸಿದರು. ಈ ಒಂದು ವಿಷಯದಲ್ಲಿ ನನಗೆ ಪರದೇಶ ಅನ್ನಿಸಲೇ ಇಲ್ಲ. ಕೊನೆಗೆ ಫೋನಿಟ್ಟು ಅತ್ತೆಯ ಮುಂದೆ ಮಂಡಿಯೂರಿದಳು.

"ಅಮ್ಮ, ತಪ್ಪಾಯ್ತು ಅಮ್ಮ. ನಾನೇ ಕರ್ಸ್ಕಂಡು ಇಂಗೆ ಮಾಡ್ಬುಟ್ಟೆ."

"ನೀನೇನು ಮಾಡ್ದೆ ಬುಡು. ಹೋಗು, ನೀನು ಉಂಡ್ಕೋ."

ಅತ್ತೆಗೆ ರಕ್ತದೊತ್ತಡದ ಮಾತ್ರೆ ಉಂಟು. ನೀರಿಲ್ಲದೆ ಮಾತ್ರೆ ಹೇಗೆ? ಭಯವಾಗಿ ಮೈಸೂರಿಗೆ ವಿಡಿಯೋ ಕರೆ ಮಾಡಿದೆ. ಮಹೇಶ್ ಫೋನನ್ನು ಹಿಡಿದುಕೊಂಡೇ ಮಠಕ್ಕೆ ಓಡಿದರು. ಈಗಿರುವ ಸ್ವಾಮಿಗಳು ಸಣ್ಣ ವಯಸ್ಸಿನವರು, ತಿಳಿದವರು.

"ತಾಯಿ, ಇದು ಆಪತ್ತಿನ ಸಮಯ. ಮನಸ್ಸಿನಲ್ಲೇ ಪೂಜೆ ಮಾಡಿಕೊಂಡು ನೀರು ಕುಡೀರಿ, ಮಾತ್ರೆ ತಗೊಳ್ಳಿ. ದೋಷವಿಲ್ಲ. ಊರಿಗೆ ಬನ್ನಿ, ಬೇರೆ ಲಿಂಗ ಕಟ್ಟಿದರಾಯ್ತು."

ಅತ್ತೆ ಪರದೆಗೆ ಕೈ ಮುಗಿದರು. "ಸ್ವಾಮ್ಯಾರು ಹೇಳದು ಸರಿ ಬುದ್ಧಿ. ಆದ್ರೆ ಗಂಟ್ಲಲ್ಲಿ ಇಳೀಬೇಕಲ್ಲ?"

ಲೋಟ ಎತ್ತಿದರು. ನನ್ನ ಕಣ್ಣೆದುರೇ ಎತ್ತಿದರು. ತುಟಿಯವರೆಗೆ ಹೋದ ಲೋಟ ಹಾಗೇ ಕೆಳಗಿಳಿಯಿತು. ಎಷ್ಟೋ ದಶಕಗಳಿಂದ ಲಿಂಗ ಮೈಮೇಲಿಲ್ಲದೆ ನೀರು ಇಳಿಸದ ಗಂಟಲು ಅದು. ಅತ್ತೆ ಒಪ್ಪಿದರೂ ಅದು ಒಪ್ಪಲಿಲ್ಲ.

ಅತ್ತ ಮಹೇಶ್ ಫೋನನ್ನು ತಮ್ಮ ಕಡೆ ತಿರುಗಿಸಿಕೊಂಡರು. "ಅವ್ವ, ನಾ ಹೊರಟು ಬರ್ಲಾ?" ಎಂದರು ಮಗುವಿನ ಹಾಗೆ.

"ನೀ ಬಂದು ಏನ್ ಮಾಡಿಯೋ? ನಿನಗೂ ಒಂದು ಬಿಲ್ಲೆ ಕಟ್ತಾರೆ ಅಷ್ಟೇಯ."

ಬೇಡಿಕೆ ಏನು?

ಮರುದಿನ ಬೆಳಿಗ್ಗೆ ಇಬ್ಬರು ಬಂದರು. ಒಬ್ಬ ವೈದ್ಯ, ಇನ್ನೊಬ್ಬ ಸೂಟು ಹಾಕಿದ ಅಧಿಕಾರಿ. ವಿಷಯ ಕೊನೆಗೂ ಯಾರಿಗೋ ತಲುಪಿತು ಎಂದು ನನಗೆ ಖುಷಿಯಾಯಿತು. ತಲುಪಿದ್ದು ಬೇರೆಯೇ ರೂಪದಲ್ಲಿ. ಭದ್ರತಾ ವಲಯದ ಒಳಗೆ ಭಾರತದ ವೃದ್ಧೆಯೊಬ್ಬಳು ಉಪವಾಸ ಮುಷ್ಕರ ಹೂಡಿದ್ದಾಳೆ, ಹೀಗೆ.

ವೈದ್ಯ ಅತ್ತೆಯ ತೋಳಿಗೆ ಪಟ್ಟಿ ಸುತ್ತಿ ಒತ್ತಡ ನೋಡಿದ, ನಾಲಿಗೆ ನೋಡಿದ, ಮುಖ ಸಣ್ಣದು ಮಾಡಿಕೊಂಡ. ಇಂದು ಸಂಜೆಯವರೆಗೆ ನೋಡುತ್ತೇನೆ, ಆಮೇಲೆ ಆಸ್ಪತ್ರೆಗೆ ಒಯ್ದು ನಳಿಕೆ ಹಾಕಬೇಕಾಗುತ್ತದೆ ಎಂದ. ಅಧಿಕಾರಿ ಕುರ್ಚಿ ಎಳೆದುಕೊಂಡು ಕೂತ. ಕ್ಲೇರ್ ಅನುವಾದಿಸಿದಳು.

"ಅಮ್ಮ, ನಿಮ್ಮ ಬೇಡಿಕೆ ಏನು ಅಂತ ಕೇಳ್ತಾವ್ರೆ."

"ಬೇಡಿಕೆನಾ? ನಾನೇನು ಬೇಡ್ದೆ ಇವರ್ನ?"

"ಯಾವ ದೇಶದ ವಿರುದ್ಧ ಅಂತ ಕೇಳ್ತಾವ್ರೆ. ಯಾವ ಸಂಘಟನೆ ಅಂತ."

ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಇವನಿಗೆ ಹೇಳು, ಬೆಳಿಗ್ಗೆ ಎದ್ದು ಮುಖ ತೊಳೀದೆ ಇವನು ತಿಂಡಿ ತಿಂತಾನಾ? ಇಲ್ಲ ತಾನೆ? ಅದು ಯಾರ ಮೇಲ್ ಮುಷ್ಕರ ಅಂತ ಕೇಳು."

ಕ್ಲೇರ್ ಹೇಗೆ ಅನುವಾದಿಸಿದಳೋ, ಅಧಿಕಾರಿ ಬರೆಯಲು ತೆಗೆದಿದ್ದ ಪೆನ್ನನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ಅವನು ಹೇಳಿದ್ದು: ಮುಷ್ಕರವಾದರೆ ಮಾತುಕತೆಗೆ ಒಬ್ಬರನ್ನು ಕಳಿಸುವ ವ್ಯವಸ್ಥೆ ಇದೆ. ಮುಷ್ಕರವಲ್ಲ ಎಂದಾದರೆ ಇದು ಕಳೆದ ವಸ್ತುವಿನ ವಿಷಯ, ಸಭೆ ಮುಗಿದ ಮೇಲೆ ನೋಡುವುದು.

ನಾನು ಕನ್ನಡದಲ್ಲಿ ಹೇಳಿದೆ, "ಅತ್ತೆ, ಮುಷ್ಕರ ಅಂತಲೇ ಹೇಳಿಬಿಡೋಣ. ಬೇಗ ಸಿಗುತ್ತೆ."

ಅತ್ತೆ ನನ್ನ ಕಡೆ ತಿರುಗಿದರು. ನನ್ನ ಮೇಲೆ ಅವರಿಗೆ ಸಿಟ್ಟು ಬಂದದ್ದು ಇಡೀ ಪ್ರವಾಸದಲ್ಲಿ ಅದೊಂದೇ ಸಲ. "ನಿನ್ನೆ ಕಲ್ಲು ಅಂದೆ. ಇವತ್ತು ಮುಷ್ಕರ ಅಂತೀಯ. ನಾಳೆ ಇನ್ನೇನಂದೀಯೆ?"

ಮುಷ್ಕರವಲ್ಲ ಎಂದು ಅಧಿಕಾರಿಗೆ ನಾನೇ ಹೇಳಿದೆ.

ಆ ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಆಘಾತ ಕಾದಿತ್ತು. ಕ್ಲೇರ್‌ಳ ಗೆಳತಿಯೊಬ್ಬಳು ಈ ಸುದ್ದಿಯನ್ನು ಯಾರಿಗೋ ಫೋನಿನಲ್ಲಿ ಕಳಿಸಿ, ಅದು ಬೇಲಿಯ ಹೊರಗೆ ಬೀಡುಬಿಟ್ಟಿದ್ದ ಪ್ರತಿಭಟನೆಯ ಹುಡುಗ ಹುಡುಗಿಯರನ್ನು ಮುಟ್ಟಿತ್ತು. ಭಾರತದ ಅಜ್ಜಿಗೆ ಬೆಂಬಲವಾಗಿ ಅವರಲ್ಲಿ ಕೆಲವರು ಊಟ ಬಿಟ್ಟು ಕೂತಿದ್ದರು. ಕ್ಲೇರ್ ಅವರ ಚಿತ್ರ ತೋರಿಸಿದಳು. ರಟ್ಟಿನ ಮೇಲೆ ಯಾರೋ ಸೀರೆಯುಟ್ಟ ಮುದುಕಿಯ ಚಿತ್ರ ಬರೆದಿದ್ದರು. ಸೀರೆ ಸಲ್ವಾರಿನ ಹಾಗಿತ್ತು.

ಲಿಂಗ ಹೋದಾಗಲೂ ಗಾಬರಿಯಾಗದ ಅತ್ತೆ ಇದಕ್ಕೆ ಗಾಬರಿಯಾದರು. "ನನ್ನ ದೆಸೆಯಿಂದ ಕಂಡೋರ ಮಕ್ಳು ಉಣ್ಣದೆ ಕೂತವಾ? ಅಯ್ಯೋ ಶಿವನೇ! ಯಾಕಂತೆ? ಅವ್ರದ್ದೂ ಲಿಂಗ ಹೋಯ್ತಾ?"

"ಇಲ್ಲ ಅಮ್ಮ, ನಿಮಗೋಸ್ಕರ."

"ನನಗೋಸ್ಕರ ಉಣ್ಣು ಅಂದ್ರೆ ಒಪ್ಕಬೋದು. ನನಗೋಸ್ಕರ ಉಪವಾಸ ಇರೋದು ಎಲ್ಲಾದ್ರೂ ಉಂಟಾ? ಏಳು, ಅಕ್ಕಿ ತೊಳಿ."

ಬೇಡವೆಂದರೂ ಕೇಳಲಿಲ್ಲ. ಗೋಡೆ ಹಿಡಿದುಕೊಂಡು ಎದ್ದು, ಕಪ್ಪಾದ ತುಟಿಯಲ್ಲೇ ನನಗೂ ಕ್ಲೇರ್‌ಗೂ ಅಪ್ಪಣೆ ಮಾಡುತ್ತ ಚಿತ್ರಾನ್ನ ಮಾಡಿಸಿದರು. ಮೈಸೂರಿನಿಂದ ತಂದ ಕಡಲೇಬೀಜವ‌ನ್ನೆಲ್ಲ ಒಗ್ಗರಣೆಗೆ ಸುರಿಸಿದರು. ಉಪ್ಪು ನೋಡಲು ಮಾತ್ರ ನನ್ನನ್ನು ಕರೆದರು. ಕ್ಲೇರ್ ಅದನ್ನು ದೊಡ್ಡ ಪಾತ್ರೆಯಲ್ಲಿ ಹೊತ್ತು ಗೇಟು ದಾಟಿ ಕೊಟ್ಟು ಬಂದಳು. ತಿಂದರೆ ಮುಷ್ಕರ ಮುರಿದ ಹಾಗೋ, ತಿನ್ನದಿದ್ದರೆ ಅಜ್ಜಿಯ ಮಾತು ಮೀರಿದ ಹಾಗೋ ಎಂದು ಅವರೆಲ್ಲ ಗುಂಪು ಸೇರಿ ಚರ್ಚೆಗೆ ಕೂತರಂತೆ.

"ಕೊನೆಗೆ?" ಎಂದರು ಅತ್ತೆ.

"ಪಾತ್ರೆ ಖಾಲಿ ಬಂದದೆ ನೋಡಿ ಅಮ್ಮ."

ಆ ಸಂಜೆ ಟಿವಿಯಲ್ಲಿ ನಾಯಕರೆಲ್ಲ ಸರೋವರದ ಮುಂದೆ ಸಾಲಾಗಿ ನಿಂತು ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಇದಕ್ಕೆ ಅವರು ಕುಟುಂಬದ ಫೋಟೋ ಎನ್ನುತ್ತಾರಂತೆ. ಕ್ಲೇರ್‌ಳ ಕಿಟಕಿಯಿಂದ ಕಾಣುವ ಸರೋವರವೇ ಅದು. ನಡೆದು ಹೋದರೆ ಹೂ ಬಾಡುವಷ್ಟೂ ದೂರವಿಲ್ಲ. ಆದರೂ ನಾವು ಅದನ್ನು ಟಿವಿಯಲ್ಲೇ ನೋಡಿದೆವು. ಅವರು ತಿಂದ ಭೋಜನದ ವಿವರ ಹೇಳುತ್ತಿದ್ದರು. ಅತ್ತೆ ಗೋಡೆಗೆ ಒರಗಿಕೊಂಡು ಆಸಕ್ತಿಯಿಂದಲೇ ಕೇಳಿದರು: "ಏನೇನು ಮಾಡಿದ್ರಂತೆ? ಸಿಹಿ ಏನಂತೆ?" ಕೇಳುತ್ತಿದ್ದ ಹಾಗೇ ಅವರ ತಲೆ ಪಕ್ಕಕ್ಕೆ ವಾಲಿತು. ನಾನು ಹಿಡಿದುಕೊಂಡೆ. ಮೈ ಕಾದ ಹೆಂಚಿನಂತಿತ್ತು.

ವೈದ್ಯ ಬಂದು ನೋಡಿದ. ರಾತ್ರಿ ವಲಯದ ರಸ್ತೆಗಳು ಮುಚ್ಚಿರುತ್ತವೆ, ಬೆಳಿಗ್ಗೆ ಮೊದಲ ಕೆಲಸ ಆಸ್ಪತ್ರೆ ಎಂದು ಹೇಳಿ ಹೋದ.

ಎಡಗೈ

ಬುಧವಾರ ಬೆಳಿಗ್ಗೆ ಕರೆಗಂಟೆಯಾದಾಗ ಆಂಬುಲೆನ್ಸ್ ಎಂದುಕೊಂಡೆ. ಬಾಗಿಲಲ್ಲಿ ಗೇಟಿನ ಅದೇ ಚಿನ್ನದ ಜಡೆಯ ಹುಡುಗಿ. ಕೈಯಲ್ಲಿ ಅದೇ ಪಾರದರ್ಶಕ ಚೀಲ. ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ ಎಂದಳು. ಅವಳಾಗಿ ಬಂದಳೋ, ಯಾರಾದರೂ ಕಳಿಸಿದರೋ, ಅಧಿಕಾರಿಗೆ ಕೊನೆಗೆ ಯಾವ ವ್ಯವಸ್ಥೆ ಹೊಳೆಯಿತೋ ಇವತ್ತಿಗೂ ಗೊತ್ತಿಲ್ಲ.

ಅತ್ತೆಯನ್ನು ಕ್ಲೇರ್ ಒದ್ದೆ ಬಟ್ಟೆಯಲ್ಲಿ ಒರೆಸಿ, ಗೋಡೆಗೆ ದಿಂಬು ಕೊಟ್ಟು ನೆಲದ ಮೇಲೆ ಕೂರಿಸಿದ್ದಳು. ಹುಡುಗಿ ಚೀಲವನ್ನು ಚಾಚಿದಳು. ಅತ್ತೆ ಅದನ್ನು ತೆಗೆದುಕೊಳ್ಳಲಿಲ್ಲ. ಎಡ ಅಂಗೈ ಬಿಚ್ಚಿ ಮುಂದೆ ಹಿಡಿದರು. ಎರಡು ದಿನದಲ್ಲಿ ಆ ಕೈ ಎಷ್ಟು ಸಣ್ಣದಾಗಿತ್ತೆಂದರೆ ಬೆರಳುಗಳ ನಡುವೆ ಬೆಳಕು ಕಾಣುತ್ತಿತ್ತು.

ಮುಂದಿನದಕ್ಕೆ ಮೂವರು ಸಾಕ್ಷಿಗಳಿದ್ದೇವೆ. ಮೂವರೂ ಒಂದೊಂದು ಹೇಳುತ್ತೇವೆ. ಆ ಹುಡುಗಿ ಗವಸು ಬಿಚ್ಚಿ, ಬಗ್ಗಿ ನಮಸ್ಕಾರ ಮಾಡಿ ಲಿಂಗವನ್ನು ಅಂಗೈ ಮೇಲೆ ಇಟ್ಟಳು ಎಂದು ಅತ್ತೆ. ಗವಸು ಹಾಕಿಕೊಂಡೇ ಇದ್ದಳು ಎಂದು ಕ್ಲೇರ್. ನನಗೆ ಕಂಡದ್ದು ಇಷ್ಟು: ಅತ್ತೆ ನೆಲದ ಮೇಲೆ ಕೂತಿದ್ದರಿಂದ ಅವಳು ಬಗ್ಗಲೇಬೇಕಿತ್ತು, ಬಿದ್ದೀತೆಂದು ಎರಡೂ ಕೈಯಲ್ಲಿ ಹಿಡಿದಿದ್ದಳು. ಬಗ್ಗಿದ ಬೆನ್ನು, ಜೋಡಿಸಿದ ಕೈ. ಕೆಳಗೆ ಕೂತು ನೋಡುವವರಿಗೆ ಅದು ನಮಸ್ಕಾರವಲ್ಲದೆ ಇನ್ನೇನಾಗಿ ಕಂಡೀತು? ಗವಸಿತ್ತೋ ಇಲ್ಲವೋ ನಾನು ನೋಡಲಿಲ್ಲ. ನಾನು ನೋಡುತ್ತಿದ್ದದ್ದು ಅತ್ತೆಯ ಗಂಟಲನ್ನು.

ನಾನೂ ಕ್ಲೇರೂ ಲಿಂಗಕ್ಕೆ ನೀರು ಹಾಕಲು, ವಿಭೂತಿ ಕೊಡಲು ನೆರವಾದೆವು. ಪತ್ರೆ ಇರಲಿಲ್ಲ. ಸೋಮವಾರ ತಂದ ಹೂವು ಬಾಡಿ ಒಣಗಿತ್ತು, ಅದನ್ನೇ ಏರಿಸಿದೆ. ಪೂಜೆಯ ನೀರನ್ನು ಅತ್ತೆ ಬಲ ಅಂಗೈಗೆ ಹನಿಸಿಕೊಂಡು ಬಾಯಿಗಿಟ್ಟರು. ಗಂಟಲು ಒಮ್ಮೆ ಮೇಲೇರಿ ಕೆಳಗಿಳಿಯಿತು. ಕ್ಲೇರ್ ಜೋರಾಗಿ ಅತ್ತಳು. ಆ ಹುಡುಗಿ ಇನ್ನೂ ಬಾಗಿಲಲ್ಲೇ ನಿಂತಿದ್ದಳು.

"ಅವಳಿಗೇನಾದ್ರೂ ತಿನ್ನಕ್ ಕೊಡೇ, ಪಾಪ, ಬೆಳಿಗ್ಗೆನೇ ಬಂದದೆ" ಎಂದರು ಅತ್ತೆ. ಅಷ್ಟರಲ್ಲಿ ಅವಳ ಹೆಗಲ ಮೇಲಿನ ಯಂತ್ರ ಏನೋ ಕರೆಯಿತು. ಹೊರಟುಹೋದಳು.

ಅದರ ಮಾರನೆಯ ದಿನ ಸಭೆ ಮುಗಿದು ಹೆಲಿಕಾಪ್ಟರುಗಳು ಹೋದವು. ಗುಡ್ಡದ ಮೇಲೆ ಒಂದು ಗಂಟೆ ಸದ್ದು ಮಾಡಿತು, ಆಮೇಲೆ ಇನ್ನೊಂದು.

ಶ್ರೀರಾಂಪುರ

ಊರಿಗೆ ಬಂದ ಮೇಲೆ ನೋಡಲು ಬಂದವರಿಗೆಲ್ಲ ಅತ್ತೆ ಕಥೆ ಹೇಳುತ್ತಾರೆ. ದಿನದಿಂದ ದಿನಕ್ಕೆ ಅದು ಬೆಳೆಯುತ್ತಿದೆ. "ಆ ಪೊಲೀಸ್ನೋಳು ಕೈ ಮುಗುದು ತಂದ್ಕೊಟ್ಲು ಕಣ್ರೀ. ನಮ್ಮ ಲಿಂಗಸ್ವಾಮಿಗಳೂ ಅಲ್ಲೆಲ್ಲ ಸುತ್ತಾಡ್ಕಂಡು ದೊಡ್ಡೋರ್ನೆಲ್ಲ ನೋಡ್ಕಂಡು ಬಂದ್ರು!" ಎಂದು ಎಲ್ಲರನ್ನೂ ನಗಿಸುತ್ತಾರೆ. ಕರಡಿಗೆಯ ಮುಚ್ಚಳಕ್ಕೆ ಪರೀಕ್ಷೆಯವರು ಅಂಟಿಸಿದ್ದ ಗುರುತಿನ ಚೀಟಿಯ ಗೋಂದು ಹುಣಸೆಹಣ್ಣಿಗೂ ಹೋಗಿಲ್ಲ; ಅದನ್ನು ವಿದೇಶದ ಸೀಲು ಎಂದು ತೋರಿಸುತ್ತಾರೆ. ಎದುರು ಮನೆಯ ಹೆಂಗಸು ಅದಕ್ಕೂ ಒಮ್ಮೆ ಕೈ ಮುಗಿದಳು.

ನಾನು ತಿದ್ದುವುದಿಲ್ಲ. ಅವರದು ನಿಜವಿದ್ದರೂ ಇರಬಹುದು. ಆ ಹೊತ್ತಿನಲ್ಲಿ ನಾನು ಎಷ್ಟು ನೋಡಿದೆ, ಎಷ್ಟನ್ನು ಆಮೇಲೆ ಹೊಲಿದುಕೊಂಡೆ ಎಂದು ಆಣೆ ಮಾಡಿ ಹೇಳಲಾರೆ. ಅತ್ತೆಯ ನೆನಪಿನಲ್ಲಿ ಗಾಯವಿಲ್ಲ ಎಂದೇ ನಾನೂ ನಂಬಿಕೊಂಡಿದ್ದೆ.

ಬಂದ ಮೊದಲ ಸೋಮವಾರ ಹಿತ್ತಲಿನ ಮರದಿಂದ ಬಿಲ್ವಪತ್ರೆ ಕಿತ್ತು ತೊಳೆದು ತಂದೆ. ಅತ್ತೆ ದೇವರ ಮನೆಯಲ್ಲಿ ಪೂಜೆಗೆ ಕೂತಿದ್ದರು. ಎಡ ಅಂಗೈ ಎದೆಯ ಮಟ್ಟದಲ್ಲಿ ಬಿರಿದಿತ್ತು, ಅದರ ಮೇಲೆ ಲಿಂಗ, ಕಣ್ಣು ಮುಚ್ಚಿತ್ತು. ಎಂದಿನ ಹಾಗೆ ಪಕ್ಕದಲ್ಲಿ ಮಂಡಿಯೂರಿ ಪತ್ರೆ ಹಿಡಿದ ಕೈಯನ್ನು ಮುಂದೆ ಚಾಚಿದೆ.

ನನ್ನ ಕೈಯ ನೆರಳು ಅಂಗೈ ಮೇಲೆ ಬಿತ್ತೋ, ಬಳೆ ಸದ್ದಾಯಿತೋ. ಅತ್ತೆಯ ಐದೂ ಬೆರಳುಗಳು ಫಕ್ಕನೆ ಮುಚ್ಚಿಕೊಂಡವು. ಗೆಣ್ಣುಗಳು ಬೆಳ್ಳಗಾದವು.

ಕಣ್ಣು ತೆರೆದರು. ನನ್ನನ್ನು ನೋಡಿದರು, ತಮ್ಮ ಮುಷ್ಟಿಯನ್ನು ನೋಡಿದರು. ಅದನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿದರು.

"ಚಳಿ ಕಣಮ್ಮ" ಎಂದರು.

ಹೊರಗೆ ಹಿತ್ತಲ ತುಂಬ ಬಿಸಿಲಿತ್ತು. ನಾನು ಪತ್ರೆಯನ್ನು ತಟ್ಟೆಯಲ್ಲಿ ಅವರ ಬಲಗೈಗೆ ಎಟುಕುವ ಹಾಗೆ ಇಟ್ಟು, ಎದ್ದು ಬಂದೆ.